ರ‍್ಯಾಕ್ ಗಿಟಾರ್ ಸೆಟ್‌ಗೆ ಯಾವ ಪವರ್ ಆಂಪ್?

ಹಾಸನದ ಕಡೆ ಗಣಪತಿ ಪೆಂಡಾಲ್‌ಗಳಲ್ಲಿ ನುಡಿಸುವ ಗಿಟಾರ್ ಹುಡುಗರು ರ‍್ಯಾಕ್‌ಗೆ (ಉಪಕರಣಗಳನ್ನು ಒಂದರ ಮೇಲೊಂದು ಕೂರಿಸುವ ಚೌಕಟ್ಟು) ಪವರ್ ಆಂಪ್, ಅಂದರೆ ಸ್ಪೀಕರ್ ಓಡಿಸುವಷ್ಟು ಸಿಗ್ನಲ್‌ಗೆ ಬಲ ಕೊಡುವ ಆಂಪ್, ಹುಡುಕುವಾಗ ಮೊದಲು ಕೇಳುವುದೇ ‘ಎಷ್ಟು ವ್ಯಾಟ್?’ ಅಂತ. ವ್ಯಾಟ್ ಆಮೇಲೆ ನೋಡಿ. 50ರ ಬದಲು 100 ವ್ಯಾಟ್ ತಗೊಂಡರೆ ಜಾಸ್ತಿ ಆಗುವುದು ಬರೀ 3 ಡೆಸಿಬೆಲ್. ಮೊದಲು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಹಿಂದೆ ಬರೆದಿರುವ ಓಮ್ ಓದಿ, ಅದು ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ.

ಟ್ಯೂಬ್ ಆಂಪ್ (ಗಾಜಿನ ವಾಲ್ವ್ ಇರುವುದು) ಆದರೆ 8 ಓಮ್ ಕ್ಯಾಬಿನೆಟ್‌ಗೆ 8 ಓಮ್ ಜಾಕೇ ಹಾಕಿ. ಸ್ಪೀಕರ್ ಜೋಡಿಸದೆ ನುಡಿಸಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಸಾಲಿಡ್ ಸ್ಟೇಟ್‌ನಲ್ಲಿ (ಟ್ರಾನ್ಸಿಸ್ಟರ್ ಆಂಪ್) ಬ್ರಿಡ್ಜ್ ಮೋಡ್, ಅಂದರೆ ಎರಡು ಚಾನೆಲ್ ಸೇರಿಸಿ ಒಂದೇ ಕ್ಯಾಬಿನೆಟ್ ಓಡಿಸುವಾಗ, ಹುಷಾರು. 8 ಓಮ್ ಕ್ಯಾಬಿನೆಟ್ ಹಾಕಿದರೂ ಒಂದೊಂದು ಚಾನೆಲ್‌ಗೆ ಅದು 4 ಓಮ್ ಲೋಡ್ ಆಗುತ್ತದೆ. ಬ್ರಿಡ್ಜ್‌ಗೆ ಕನಿಷ್ಠ ಎಷ್ಟು ಓಮ್ ಇರಬೇಕು ಅಂತ ಆಂಪ್ ಹಿಂದೆಯೋ ಮ್ಯಾನ್ಯುಯಲ್‌ನಲ್ಲೋ ಇರುತ್ತದೆ.

ಮಾಡೆಲರ್ (ಬೇರೆ ಬೇರೆ ಆಂಪ್‌ಗಳ ಸೌಂಡನ್ನು ಡಿಜಿಟಲ್ ಆಗಿ ಅನುಕರಿಸುವ ಯಂತ್ರ) ಇದ್ದವರಿಗೆ ಸುಮ್ನೆ ಟ್ಯೂಬ್ ಯಾಕೆ? ಹಗುರವಾದ, ಕಡಿಮೆ ಬಿಸಿಯಾಗುವ ಕ್ಲಾಸ್ ಡಿ ಆಂಪ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಸಕಲೇಶಪುರದ ಮಳೆಯಲ್ಲಿ ರ‍್ಯಾಕ್ ಹೊತ್ತು ಸ್ಟೇಜ್ ಹತ್ತಿದವರಿಗೆ ಹಗುರ ಆಂಪಿನ ಬೆಲೆ ಗೊತ್ತಿರುತ್ತದೆ, ಅಲ್ವಾ? ಗಿಟಾರ್ ಕ್ಯಾಬಿನೆಟ್‌ಗೆ ಕೊಡುವಾಗ ಮಾಡೆಲರ್‌ನ ಕ್ಯಾಬ್ ಸಿಮ್ಯುಲೇಶನ್ (ಕ್ಯಾಬಿನೆಟ್‌ನ ಸೌಂಡ್ ಅನುಕರಿಸುವುದು) ಆಫ್ ಮಾಡಿ. ಇಲ್ಲದಿದ್ದರೆ ಸೌಂಡ್ ಮಂಕಾಗುತ್ತದೆ.

ಟ್ಯೂಬೇ ಬೇಕು ಅಂದರೆ ರ‍್ಯಾಕ್‌ನ ತಳದಲ್ಲಿ ಕೂರಿಸಿ, ಹಿಂಬದಿಗೂ ಆಸರೆ ಕೊಡಿ. ಬಿಸಿ ಹೋಗಲು ಮೇಲೆ ಜಾಗ ಬಿಡಿ. ಅಮೆರಿಕದಿಂದ ಬಂದ ಸೆಕೆಂಡ್ ಹ್ಯಾಂಡ್ ಆಂಪ್ ಆದರೆ 120 ವೋಲ್ಟ್‌ದೋ 230 ವೋಲ್ಟ್‌ದೋ ನೋಡಿಯೇ ಪ್ಲಗ್ ಹಾಕಿ.