ಕೈರೋದ ಯಹೂದಿ ಜಾಗಗಳನ್ನು ನೋಡಬೇಕಾ? ಮೊದಲು ಮಂಗಳೂರಿಗೆ ಬಂದ ಪತ್ರಗಳನ್ನು ಓದಿ

ಈಜಿಪ್ಟಿಗೆ ಹೋಗುವ ನಮ್ಮ ಕಡೆಯವರು ಪಿರಮಿಡ್ ನೋಡುತ್ತಾರೆ, ನೈಲ್ ನದಿಯಲ್ಲಿ ದೋಣಿ ಹತ್ತುತ್ತಾರೆ, ಖಾನ್ ಅಲ್ ಖಲೀಲಿಯಲ್ಲಿ ಒಂದಷ್ಟು ಸಾಮಾನು ಕೊಂಡು ವಾಪಸ್ ಬರುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ಅದೇ ಕೈರೋದಲ್ಲಿ ಒಂದು ಹಳೆಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ. ಮಂಗಳೂರಿನಲ್ಲಿದ್ದ ಒಬ್ಬ ವ್ಯಾಪಾರಿಗೆ 900 ವರ್ಷಗಳ ಹಿಂದೆ ಬಂದ ಪತ್ರಗಳು ಸಿಕ್ಕಿದ್ದು ಅಲ್ಲೇ. ಇದು ಗೊತ್ತಿಲ್ಲದೆ ನಮ್ಮೂರಿನವರು ಅದರ ಪಕ್ಕದ ಬೀದಿಯಲ್ಲೇ ನಡೆದು ಹೋಗುತ್ತಾರಲ್ಲ ಅಂತ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರಗಳನ್ನು ಮೊದಲು ಓದಿ, ಕಟ್ಟಡ ಆಮೇಲೆ ನೋಡಿ. ಯಾಕೆಂದರೆ ಈಗ ಅಲ್ಲಿರುವ ಬೆನ್ ಎಜ್ರಾ ಸಿನಗಾಗ್ ಕಟ್ಟಡ 1890ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಕಾಗದಗಳು ಅಲ್ಲಿಲ್ಲ, ಹೆಚ್ಚಿನವು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿವೆ. ಏನೂ ಓದದೆ ಹೋದರೆ ಚೆಂದದ ಕಂಬ, ಅಮೃತಶಿಲೆ, ಕೆತ್ತನೆ ನೋಡಿ ಹತ್ತು ನಿಮಿಷದಲ್ಲಿ ಹೊರಗೆ ಬರುತ್ತೀರಿ.

ಹಾಗಾದರೆ ಯಾರ ಪತ್ರಗಳು? ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯದು. ಹುಟ್ಟೂರು ಟ್ಯುನೀಷಿಯಾದ ಮಹ್ದಿಯಾ. ಅಲ್ಲಿಂದ ಯೆಮನ್‌ನ ಬಂದರು ಏಡನ್‌ಗೆ ಬಂದು, ಏಡನ್‌ನಿಂದ ಕಡಲು ದಾಟಿ ನಮ್ಮ ಕರಾವಳಿಗೆ ಬಂದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆಸಿದ ಒಂದು ಪತ್ರ ಉಳಿದಿದೆ. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಅದು. ಅವಳೇ ಮುಂದೆ ಅವನ ಹೆಂಡತಿ, ಅವನ ಮಕ್ಕಳ ತಾಯಿ ಎಂದು ಈ ವಿಷಯ ಓದಿಕೊಂಡ ಹೆಚ್ಚಿನವರ ಅಭಿಪ್ರಾಯ. 1149ರಲ್ಲಿ ಅವನು ಏಡನ್‌ಗೆ ವಾಪಸಾದ. ಇಲ್ಲಿದ್ದಷ್ಟು ದಿನ ಕಾಳುಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ, ಜೊತೆಗೆ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೂ ಇತ್ತು. ಏಡನ್‌ನ ಗೆಳೆಯರು ಒಡೆದ ಪಾತ್ರೆ, ತಾಮ್ರ ಕಳಿಸಿ, ಇದನ್ನು ಕರಗಿಸಿ ಇಂಥ ಅಳತೆಯ ದೀಪ ಮಾಡಿಸಿಕೊಡು, ಇಂಥ ಬಟ್ಟಲು ಮಾಡಿಸಿಕೊಡು ಅಂತ ಬರೆಯುತ್ತಿದ್ದರು.

ಅವನ ವ್ಯಾಪಾರದ ಕೆಲಸಕ್ಕೆ ಇಲ್ಲಿಂದ ಏಡನ್‌ಗೆ ಹೋಗಿ ಬರುತ್ತಿದ್ದವನೊಬ್ಬ ಇದ್ದ. ಪತ್ರದಲ್ಲಿ ಅವನ ಹೆಸರು ಬ, ಮ, ಹ ಎಂಬ ಮೂರು ಅಕ್ಷರಗಳಲ್ಲಿದೆ. ಅದು ತುಳುನಾಡಿನ ‘ಬೊಮ್ಮ’ ಎಂದು ವಿದ್ವಾಂಸರು ಓದಿದ್ದಾರೆ. ಅವನೂ ದಾಸನೇ. ಆದರೂ ಏಡನ್‌ನ ದೊಡ್ಡ ವ್ಯಾಪಾರಿಗಳು ಪತ್ರದಲ್ಲಿ ಅವನನ್ನು ಶೇಖ್ ಅಂತ ಕರೆದು ಪ್ರತ್ಯೇಕವಾಗಿ ಸಲಾಂ ಹೇಳಿದ್ದಾರೆ.

ಇವೆಲ್ಲ ಉಳಿದದ್ದು ಒಂದು ಪದ್ಧತಿಯಿಂದ. ದೇವರ ಹೆಸರು ಇರಬಹುದಾದ ಕಾಗದವನ್ನು ಯಹೂದಿಗಳು ಹರಿದು ಎಸೆಯುವುದಿಲ್ಲ. ಹಳೆಯ ಪಂಚಾಂಗ, ಬಣ್ಣ ಮಾಸಿದ ದೇವರ ಫೋಟೊಗಳನ್ನು ನಾವು ಕಸಕ್ಕೆ ಹಾಕದೆ ನೀರಿಗೆ ಬಿಡುತ್ತೇವಲ್ವಾ, ಹಾಗೆ. ಅಂಥ ಕಾಗದ ಕೂಡಿಡುವ ಜಾಗಕ್ಕೆ ಗೆನಿಜಾ ಅಂತ ಹೆಸರು. ಬೇರೆ ಊರುಗಳಲ್ಲಿ ಸ್ವಲ್ಪ ಕಾಲದ ನಂತರ ಹೂಳುತ್ತಾರೆ. ಕೈರೋದ ಈ ಸಿನಗಾಗ್‌ನಲ್ಲಿ ಮಾತ್ರ ಒಂದು ಕೋಣೆಗೆ ತುಂಬುತ್ತಲೇ ಹೋದರು. ಅಂಗಡಿ ಲೆಕ್ಕ, ಮದುವೆ ಕರಾರು, ಮಕ್ಕಳ ಅಕ್ಷರಾಭ್ಯಾಸದ ಹಾಳೆ, ಎಲ್ಲ ಸೇರಿ ಸಾವಿರ ವರ್ಷದ ಕಾಗದ. ಒಣ ಹವೆ, ಹಾಗಾಗಿ ಕೊಳೆಯಲಿಲ್ಲ. ನಮ್ಮ ಮಳೆಗಾಲದಲ್ಲಿ ಇಟ್ಟಿದ್ದರೆ ಒಂದೂ ಉಳಿಯುತ್ತಿರಲಿಲ್ಲ. 1896-97ರಲ್ಲಿ ಕೇಂಬ್ರಿಡ್ಜ್‌ನ ವಿದ್ವಾಂಸ ಸಾಲೊಮನ್ ಶೆಕ್ಟರ್ ಬಂದು ಸುಮಾರು 1,93,000 ತುಣುಕುಗಳನ್ನು ತೆಗೆದುಕೊಂಡು ಹೋದರು. ಅವುಗಳಲ್ಲಿ ಚದುರಿ ಹೋಗಿದ್ದ ಹಿಂದೂ ಮಹಾಸಾಗರದ ವ್ಯಾಪಾರದ ಪತ್ರಗಳನ್ನು ಹುಡುಕಿ ಜೋಡಿಸಿದವರು ಇತಿಹಾಸಕಾರ ಎಸ್. ಡಿ. ಗೊಯ್ಟೀನ್.

ಈಗ ತಯಾರಿ. ಕೇಂಬ್ರಿಡ್ಜ್ ಡಿಜಿಟಲ್ ಲೈಬ್ರರಿ ಮತ್ತು ಪ್ರಿನ್ಸ್‌ಟನ್ ಗೆನಿಜಾ ಪ್ರಾಜೆಕ್ಟ್, ಎರಡೂ ಸೈಟ್‌ಗಳನ್ನು ದುಡ್ಡು ಕೊಡದೆ ನೋಡಬಹುದು. ಬೆನ್ ಯಿಜು ಅಂತ ಇಂಗ್ಲಿಷಿನಲ್ಲಿ ಹುಡುಕಿ. ಅಕ್ಷರ ಹೀಬ್ರೂ, ಭಾಷೆ ಅರಬ್ಬಿ, ನಮಗೆ ಓದಲು ಬರುವುದಿಲ್ಲ ನಿಜ. ಆದರೆ ವಿವರಣೆ ಇಂಗ್ಲಿಷಿನಲ್ಲಿದೆ, ಕೆಲವಕ್ಕೆ ಅನುವಾದವೂ ಇದೆ. ಫೋಟೊವನ್ನು ದೊಡ್ಡದು ಮಾಡಿ ನೋಡಿ. ಮಡಚಿದ ಗೆರೆ, ಅಂಚಿನ ತೂತು, ಜಾಗ ಸಾಲದೆ ಬದಿಯಲ್ಲಿ ತಿರುಗಿಸಿ ಬರೆದ ಸಾಲು, ಎಲ್ಲ ಕಾಣುತ್ತದೆ. ಒಂದು ಪತ್ರದಲ್ಲಿ ಏಡನ್‌ನ ಗೆಳೆಯ ಸಕ್ಕರೆ, ಒಣದ್ರಾಕ್ಷಿಯ ಜೊತೆ ಒಳ್ಳೆಯ ಕಾಗದವನ್ನು ಉಡುಗೊರೆ ಕಳಿಸಿದ್ದಾನೆ. ಮಂಗಳೂರಿನಲ್ಲಿ ಆಗ ಕಾಗದ ಸಿಗುತ್ತಿರಲಿಲ್ಲವಲ್ಲ, ಅದಕ್ಕೆ. ಬೆನ್ ಯಿಜು ಬಂದ ಪತ್ರದ ಹಿಂಬದಿಯನ್ನೂ ಬಿಡದೆ ತನ್ನ ಲೆಕ್ಕ ಬರೆದುಕೊಂಡಿದ್ದಾನೆ. ಇನ್ನೊಂದು ವಿಷಯ ಪತ್ರದಿಂದ ಪತ್ರಕ್ಕೆ ಬರುತ್ತದೆ: ಕಾರ್ದಾರ್ ಎಂಬ ಸ್ಥಳೀಯನೊಬ್ಬ ಏಲಕ್ಕಿಗೆ ಮುಂಗಡ ತೆಗೆದುಕೊಂಡು ಮಾಲು ಕೊಡಲೇ ಇಲ್ಲ. ಮಾತು ತಪ್ಪಿದವರಿಗೆ ನಮ್ಮ ಕಡೆ ಬಹಿಷ್ಕಾರ ಹಾಕುತ್ತೇವೆ ಅಂತ ಅವನಿಗೆ ಹೆದರಿಸು ಎಂದು ಏಡನ್‌ನಿಂದ ಸಲಹೆ ಬರುತ್ತದೆ! ಅಡಿಕೆ, ಏಲಕ್ಕಿ ವ್ಯಾಪಾರ ಗೊತ್ತಿರುವ ಮನೆಯವರಿಗೆ ಈ ಪತ್ರಗಳು ಬೇಗ ಹತ್ತಿರವಾಗುತ್ತವೆ.

ಓದಿದ ಮೇಲೆ ಒಂದು ದಿನ ಬೆಳಗ್ಗೆ ಮಂಗಳೂರಿನ ಬಂದರಿಗೆ ಹೋಗಿ. ಸಗಟು ಅಂಗಡಿಗಳು, ಲಾರಿಗೆ ಮೂಟೆ ಹೇರುವವರು, ಜೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ, ಹಿಂದೆ ಹೊಳೆ. ಬೆನ್ ಯಿಜುವಿನ ಮನೆ ಇಂಥದ್ದೇ ಜಾಗ ಅಂತ ತೋರಿಸಲು ಏನೂ ಇಲ್ಲ, ಹುಡುಕಬೇಡಿ. ಆ ವ್ಯಾಪಾರದ ಗದ್ದಲ ಒಮ್ಮೆ ಕಿವಿಗೆ ಬಿದ್ದರೆ ಸಾಕು. ಉಡುಪಿ ಕಡೆಯವರು ಬಾರ್ಕೂರಿಗೂ ಹೋಗಿ ಬನ್ನಿ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಅದನ್ನು ಫಾಕನೂರ್ ಅಂತಲೂ ಮಂಗಳೂರನ್ನು ಮಂಜರೂರ್ ಅಂತಲೂ ಬರೆದಿದ್ದಾನೆ.

ಪ್ರಯಾಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಮಂಗಳೂರಿನಿಂದ ದುಬೈಗೆ ಹೋಗಿ ಅಲ್ಲಿಂದ ಕೈರೋಗೆ ಹೋಗಬಹುದು. ಗಲ್ಫ್‌ನಲ್ಲಿ ಅಣ್ಣನೋ ಬಾವನೋ ಇಲ್ಲದ ಮನೆ ನಮ್ಮಲ್ಲಿ ಕಡಿಮೆ, ಅಲ್ಲಿ ಎರಡು ದಿನ ಉಳಿದು ಮುಂದೆ ಹೋದರೆ ಆಯಾಸವೂ ಆಗುವುದಿಲ್ಲ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಯಾರೋ ಹೇಳಿದ್ದನ್ನು ನಂಬದೆ ಈಜಿಪ್ಟ್ ರಾಯಭಾರ ಕಚೇರಿಯ ಸೈಟ್ ನೋಡಿ. ರಂಜಾನ್ ತಿಂಗಳಲ್ಲಿ ಜಾಗಗಳು ಬೇಗ ಮುಚ್ಚುತ್ತವೆ. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ: ಅನ್ನ, ಬೇಳೆ, ಮ್ಯಾಕರೋನಿ, ಟೊಮೆಟೊ ಸಾರು, ಹುರಿದ ಈರುಳ್ಳಿ ಹಾಕಿದ ಕೊಶರಿ ಎಲ್ಲ ಬೀದಿಯಲ್ಲೂ ಸಿಗುತ್ತದೆ.

ಗೈಡ್ ಆರಿಸುವುದರಲ್ಲಿ ಮಾತ್ರ ಅವಸರ ಮಾಡಬೇಡಿ. ಅಲ್ಲಿನ ಹೆಚ್ಚಿನ ಗೈಡ್‌ಗಳು ಫೇರೋಗಳ ಕಾಲದ ವಿಷಯ ಓದಿದವರು, ಅದರಲ್ಲಿ ಅವರು ಗಟ್ಟಿ. ಬೆನ್ ಎಜ್ರಾ ಬಂದಾಗ, ಯಹೂದಿಗಳ ಪ್ರವಾದಿ ಮೋಶೆ ಮಗುವಾಗಿದ್ದಾಗ ಇಲ್ಲೇ ಸಿಕ್ಕಿದ ಎಂಬ ಐತಿಹ್ಯ ಹೇಳಿ ಮುಂದೆ ನಡೆಸುತ್ತಾರೆ. ಲೈಸೆನ್ಸ್ ಇರುವವರನ್ನೇ ಹುಡುಕಿ, ದುಡ್ಡು ಕೊಡುವ ಮುಂಚೆ ಫೋನಿನಲ್ಲಿ ಮಾತಾಡಿ. ಗೆನಿಜಾ ಬಗ್ಗೆ ಸ್ವಲ್ಪ ಹೇಳಿ ಅನ್ನಿ. ಕಾಗದ ಎಲ್ಲಿತ್ತು, ಯಾರು ಒಯ್ದರು, ಅದರಲ್ಲಿ ಏನಿತ್ತು ಅಂತ ಅವರಾಗಿಯೇ ಹೇಳಿದರೆ ಅವರೇ ಸರಿ. ಭಾರತದ ವ್ಯಾಪಾರದ ಮಾತೂ ತೆಗೆದರೆ ಜಾಸ್ತಿ ಫೀಸ್ ಕೇಳಿದರೂ ಕೊಡಿ. ಯಾವ ಸಿನಗಾಗ್‌ಗೆ ಒಳಗೆ ಬಿಡುತ್ತಾರೆ, ಯಾವುದಕ್ಕೆ ಮೊದಲೇ ಅನುಮತಿ ಬೇಕು, ಅದನ್ನು ಯಾರು ತರುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಪಾಸ್‌ಪೋರ್ಟ್ ಯಾವಾಗಲೂ ಜೊತೆಗಿರಲಿ.

ಮೊದಲ ದಿನ ಹಳೆಯ ಕೈರೋ. ತಹ್ರೀರ್ ಚೌಕದ ಸಾದಾತ್ ಸ್ಟೇಷನ್‌ನಿಂದ ಹೆಲ್ವಾನ್ ಕಡೆಯ ಮೆಟ್ರೊ ಹತ್ತಿ, ನಾಲ್ಕನೆಯ ಸ್ಟೇಷನ್ ಮಾರ್ ಗಿರ್ಗಿಸ್. ಹೆಂಗಸರಿಗೆ ಪ್ರತ್ಯೇಕ ಬೋಗಿ ಇದೆ. ಇಳಿದು ಹೊರಗೆ ಬಂದರೆ ಎದುರಿಗೇ ರೋಮನ್ ಕಾಲದ ಬ್ಯಾಬಿಲಾನ್ ಕೋಟೆ, ಒಳಗೆ ಕಾಪ್ಟಿಕ್ ಅಂದರೆ ಈಜಿಪ್ಟಿನ ಕ್ರೈಸ್ತರ ಚರ್ಚ್‌ಗಳು, ಆ ಓಣಿಗಳ ನಡುವೆ ಬೆನ್ ಎಜ್ರಾ. ದುರಸ್ತಿ ಮುಗಿದು 2023ರಲ್ಲಿ ಮತ್ತೆ ಬಾಗಿಲು ತೆರೆದಿದೆ. ಬೆಳಗ್ಗೆ ಬೇಗ ಹೋಗಿ, ಟೂರ್ ಬಸ್‌ಗಳು ಬಂದ ಮೇಲೆ ನಿಂತು ನೋಡಲು ಆಗುವುದಿಲ್ಲ.

ಒಳಗೆ ಹೋದ ಕೂಡಲೇ ಎಲ್ಲರ ಕಣ್ಣು ನಡುವಿನ ಅಮೃತಶಿಲೆಯ ಕಟ್ಟೆಗೆ ಹೋಗುತ್ತದೆ. ಅದು ಧರ್ಮಗ್ರಂಥ ಓದುವ ಜಾಗ. ನೀವು ತಲೆ ಎತ್ತಿ ಮೇಲಿನ ಅಂತಸ್ತು ನೋಡಿ. ಅದು ಹೆಂಗಸರು ಕೂರುತ್ತಿದ್ದ ಗ್ಯಾಲರಿ. ಗೆನಿಜಾ ಕೋಣೆ ಇದ್ದದ್ದು ಆ ಗ್ಯಾಲರಿಯ ತುದಿಯಲ್ಲಿ. ಬಾಗಿಲು ಇರಲಿಲ್ಲ, ಗೋಡೆಯ ಎತ್ತರದಲ್ಲಿ ಒಂದು ಕಿಂಡಿ ಅಷ್ಟೇ, ಏಣಿ ಹಾಕಿ ಹತ್ತಬೇಕಿತ್ತು. ಗೈಡ್ ಹತ್ತಿರ ಆ ಮೂಲೆಯನ್ನೇ ತೋರಿಸಲು ಹೇಳಿ. ಮೇಲೆ ಬಿಡದಿದ್ದರೆ ಒತ್ತಾಯ ಮಾಡಬೇಡಿ. ಕೆಳಗೆ ನಿಂತು ಫೋನ್ ತೆಗೆದು, ಮನೆಯಲ್ಲಿ ಉಳಿಸಿಕೊಂಡ ಆ ಏಲಕ್ಕಿಯ ಪತ್ರದ ಚಿತ್ರ ನೋಡಿ. ಮಂಗಳೂರಿಗೆ ಬಂದಿದ್ದ ಕಾಗದ ಅದು. ಬೆನ್ ಯಿಜು ಊರು ಬಿಡುವಾಗ ಕಟ್ಟಿಕೊಂಡು ಹೋಗಿ, ಕೊನೆಗೆ ಈಜಿಪ್ಟಿಗೆ ತಂದ. ಅವನ ಮಗಳು ಸಿತ್ ಅಲ್ ದಾರ್ 1156ರಲ್ಲಿ ಇದೇ ಫುಸ್ತಾತ್‌ನಲ್ಲಿ, ಅಂದರೆ ಈಗಿನ ಹಳೆಯ ಕೈರೋದಲ್ಲಿ, ಅವನ ಅಣ್ಣತಮ್ಮಂದಿರ ಮಗನನ್ನೇ ಮದುವೆಯಾದಳು. ನಮ್ಮ ಕರಾವಳಿಯ ತಾಯಿಯ ಮಗಳು ಈ ಬೀದಿಗಳಲ್ಲಿ ಸಂಸಾರ ಮಾಡಿದ್ದಾಳೆ ಅಂತ ಯೋಚಿಸಿದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಫೋಟೊಗೆ ಬೇಡ ಅಂದರೆ ಬೇಡ. ಗಂಡಸರು ತಲೆಗೆ ಟೋಪಿ ಹಾಕಿದರೆ ಒಳ್ಳೆಯದು. ಹೊರಗೆ ಬಂದ ಮೇಲೆ ತೂಗು ಚರ್ಚ್ ನೋಡಿ, ಅಮ್ರ್ ಇಬ್ನ್ ಅಲ್ ಆಸ್ ಮಸೀದಿಗೂ ಹೋಗಿ. ಮೂರು ಧರ್ಮದವರ ಪ್ರಾರ್ಥನೆಯ ಜಾಗಗಳು ನಡೆದೇ ಹೋಗುವಷ್ಟು ಹತ್ತಿರ ಇವೆ. ಬೆನ್ ಯಿಜುವಿನ ಕಾಲದ ಫುಸ್ತಾತ್ ಹೇಗಿತ್ತು ಅನ್ನುವುದು ಈ ನಡಿಗೆಯಲ್ಲೇ ಚೆನ್ನಾಗಿ ಅರ್ಥವಾಗುತ್ತದೆ.

ಎರಡನೆಯ ದಿನ ಹಾರತ್ ಅಲ್ ಯಹೂದ್, ಅಂದರೆ ಹಳೆಯ ಯಹೂದಿ ಕೇರಿ. ಖಾನ್ ಅಲ್ ಖಲೀಲಿಯಿಂದ ದೂರವಿಲ್ಲ. ಇಕ್ಕಟ್ಟಾದ ಓಣಿ, ಗೈಡ್ ಇಲ್ಲದೆ ಹೋದರೆ ದಾರಿ ತಪ್ಪುತ್ತದೆ. ಅಲ್ಲಿ ಮೈಮೊನಿಡಿಸ್ ಹೆಸರಿನ ಸಿನಗಾಗ್ ಇದೆ, 2010ರಲ್ಲಿ ದುರಸ್ತಿ ಆಯಿತು. ಒಳಗೆ ಬಿಡುವುದು ಅನುಮತಿಯ ಮೇಲೆ, ಹೊರಗಿನಿಂದ ನೋಡಿದರೂ ಸರಿ. ಮೈಮೊನಿಡಿಸ್ ದೊಡ್ಡ ಯಹೂದಿ ಪಂಡಿತ, ಸುಲ್ತಾನ್ ಸಲಾದಿನ್ ಕಾಲದಲ್ಲಿ ಅರಮನೆಯ ವೈದ್ಯ, 1204ರಲ್ಲಿ ತೀರಿಕೊಂಡರು. ಅವರ ತಮ್ಮ ಡೇವಿಡ್ ಕೆಂಪು ಸಮುದ್ರದ ಐದಾಬ್ ಬಂದರಿನಿಂದ ಅಣ್ಣನಿಗೆ ಪತ್ರ ಬರೆದ: ಇಲ್ಲಿ ಕೊಳ್ಳುವಂಥ ಮಾಲು ಏನೂ ಇಲ್ಲ, ಹಡಗು ಹತ್ತಿ ಇಂಡಿಯಾಕ್ಕೆ ಹೋಗುತ್ತೇನೆ, ಚಿಂತೆ ಮಾಡಬೇಡ ಅಂತ. ಹಡಗು ಮುಳುಗಿತು. ಅಣ್ಣ ಆ ದುಃಖದಲ್ಲಿ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ಡೇವಿಡ್ ಬರೆದ ಆ ಪತ್ರವೂ ಗೆನಿಜಾದಲ್ಲಿ ಸಿಕ್ಕಿತು.

ಸಂಜೆಗೆ ಅದ್ಲಿ ಬೀದಿಯ ದೊಡ್ಡ ಸಿನಗಾಗ್. ಪೊಲೀಸ್ ಕಾವಲು ಬಿಗಿ, ಅವರ ಫೋಟೊ ತೆಗೆಯಬೇಡಿ. ಶನಿವಾರ ಬೇಡ, ಅದು ಯಹೂದಿಗಳ ವಿಶ್ರಾಂತಿಯ ದಿನ.

ಸಮಯ ಇದ್ದರೆ ಮೂರನೆಯ ದಿನ ರಾಮ್ಸೆಸ್ ಸ್ಟೇಷನ್‌ನಿಂದ ರೈಲಿನಲ್ಲಿ ಅಲೆಕ್ಸಾಂಡ್ರಿಯಾಗೆ ಹೋಗಿ. ನಬಿ ದಾನಿಯಾಲ್ ಬೀದಿಯ ಎಲಿಯಾಹು ಹನಾವಿ ಸಿನಗಾಗ್ ಅನ್ನು ಸರ್ಕಾರ ದುರಸ್ತಿ ಮಾಡಿಸಿ 2020ರಲ್ಲಿ ತೆರೆಯಿತು. ನೂರಾರು ಜನ ಕೂರಬಹುದಾದ ಸಭಾಂಗಣ, ಸಾಲು ಸಾಲು ಮರದ ಬೆಂಚು, ಕೂರುವ ಜನ ಮಾತ್ರ ಇಲ್ಲ. ಈಜಿಪ್ಟಿನಲ್ಲಿ 1948ರ ಹೊತ್ತಿಗೆ ಸುಮಾರು 75,000 ಯಹೂದಿಗಳಿದ್ದರು. 1948, 1956, 1967ರ ಯುದ್ಧಗಳ ನಂತರ ಒತ್ತಡಕ್ಕೆ ಸಿಕ್ಕಿ, ಕೆಲವರು ಹೊರಹಾಕಲ್ಪಟ್ಟು, ಬಹುತೇಕ ಎಲ್ಲರೂ ಹೋದರು. ಈಗ ಉಳಿದವರು ಬೆರಳೆಣಿಕೆಯಷ್ಟು. ಈ ಭಾಗವನ್ನು ಗೈಡ್ ಬೇಗ ದಾಟಿಸಿಬಿಡಬಹುದು. ನೀವು ಮೆಲ್ಲಗೆ ಕೇಳಿ, ಆದರೆ ಕಾರಿನೊಳಗೋ ಹೋಟೆಲಿನಲ್ಲೋ ಕೇಳಿ, ನಾಲ್ಕು ಜನರ ಮುಂದೆ ಬೇಡ. ಇಸ್ರೇಲ್, ಗಾಜಾ ಅಲ್ಲಿ ತುಂಬ ನೋವಿನ ವಿಷಯ. ಸುಮ್ನೆ ಗೊತ್ತಿಲ್ಲದವರ ಹತ್ತಿರ ಆ ಚರ್ಚೆ ಶುರು ಮಾಡಿದರೆ ಗೈಡ್‌ಗೂ ಕಷ್ಟ.

ಮನೆಯ ಹಿರಿಯರು ಜೊತೆಗಿದ್ದರೆ, ಅಥವಾ ಪ್ಯಾಕೇಜ್ ಟೂರ್‌ನಲ್ಲಿ ಹೋಗಿ ಅರ್ಧ ದಿನ ಮಾತ್ರ ಬಿಡುವು ಸಿಕ್ಕರೆ, ಉಳಿದದ್ದೆಲ್ಲ ಬಿಡಿ. ಬೆಳಗ್ಗೆ ಟ್ಯಾಕ್ಸಿ ಮಾಡಿ ಮಾರ್ ಗಿರ್ಗಿಸ್‌ಗೆ ಹೋಗಿ, ಬೆನ್ ಎಜ್ರಾ ಒಂದನ್ನೇ ಸಾವಧಾನವಾಗಿ ನೋಡಿ. ಶುಕ್ರವಾರವಾದರೆ ಮಧ್ಯಾಹ್ನದ ನಮಾಜಿಗೆ ಮೊದಲೇ ಮುಗಿಸಿಕೊಳ್ಳಿ.