ಹಳೆ ಕಾರಿನ ಇಸಿಎಂ ನಾನೇ ಬದಲಾಯಿಸಿದೆ, ಅದೂ ಎರಡೆರಡು ಸಲ

ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ, ನಾವು ಬಾಕ್ಸ್ ಅನ್ನೋದು ಅದನ್ನೇ. ಗುಜರಿಯಿಂದ ತಂದು ಹಾಕಿದೆ, ಗಾಡಿ ಓಡ್ತಿದೆ. 14 ತಿಂಗಳಾಯಿತು, ಹೆಚ್ಚುಕಡಿಮೆ 11,000 ಕಿಲೋಮೀಟರ್ ಆಗಿರಬಹುದು. ಚೆಕ್ ಎಂಜಿನ್ ದೀಪ ಒಮ್ಮೆಯೂ ಹೊತ್ತಿಲ್ಲ. "ಗುಜರಿ ಬಾಕ್ಸ್ ಹಾಕಿದರೆ ಕೀ ಒಪ್ಪಲ್ಲ ಸಾರ್, ದುಡ್ಡು ನೀರಿಗೆ ಹಾಕಬೇಡಿ" ಎಂದಿದ್ದವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಮೊದಲಿಂದ ಹೇಳಿ ಸಾಕಾಯಿತು. ಅದಕ್ಕೇ ಇದನ್ನು ಬರೆದೆ.

ನನ್ನದು 2002ರ ಪೆಟ್ರೋಲ್ ಗಾಡಿ. ನಾಲ್ಕು ಸಿಲಿಂಡರ್, ಪ್ಲಗ್ಗುಗಳಿಗೆ ಕಿಡಿ ಕೊಡೋಕೆ ಎರಡು ಕಾಯಿಲ್. ಒಂದು ಕಾಯಿಲ್ 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ. ಕಾಯಿಲ್ ಓಡಿಸುವ ಡ್ರೈವರ್, ಅಂದರೆ ಅದರ ಕರೆಂಟ್ ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್, ಇಸಿಎಂ ಒಳಗೇ ಇದೆ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ನನ್ನ ದುಡ್ಡು ಹೋಗಿದ್ದೇ ಅಲ್ಲಿ.

ಒಂದು ದಿನ ಇದ್ದಕ್ಕಿದ್ದಂತೆ ಪಿಕಪ್ ಹೋಯಿತು. ಗಾಡಿ ನಡುಗುತ್ತಾ ಎರಡೇ ಸಿಲಿಂಡರಿನಲ್ಲಿ ಹೇಗೋ ಮನೆ ಸೇರಿತು. ಸ್ಕ್ಯಾನರ್ ಹಾಕಿದರೆ ಪಿ0301, ಪಿ0304 (ಒಂದು ಮತ್ತು ನಾಲ್ಕನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ), ಜೊತೆಗೆ ಪಿ0351 (ಕಾಯಿಲ್ ಸರ್ಕ್ಯೂಟಿನ ದೋಷ). ಒಂದನೆಯದೂ ನಾಲ್ಕನೆಯದೂ ಒಟ್ಟಿಗೆ ಸತ್ತಿವೆ ಅಂದರೆ ಕಾಯಿಲ್ ಇರಬೇಕು ಅಂತ ಎಲ್ಲರಿಗೂ ಅನಿಸುತ್ತೆ, ಅಲ್ವಾ? ನನಗೂ ಹಾಗೇ ಅನಿಸಿತು. ಮೀಟರ್ ಹಿಡಿದರೆ ಎರಡೂ ಕಾಯಿಲಿನ ಪ್ರೈಮರಿ, ಅಂದರೆ ಬ್ಯಾಟರಿ ಕರೆಂಟ್ ಹರಿಯುವ ಸುತ್ತು, 0.6, 0.7 ಓಮ್ ಆಸುಪಾಸು. ಸರಿ ಇದೆ ಅಂದುಕೊಂಡು ಪಕ್ಕಕ್ಕಿಟ್ಟೆ. ನನ್ನ ಮೊದಲ ದಡ್ಡತನ ಅದು.

ಆಮೇಲೆ ಕೀ ಆನ್ ಮಾಡಿ, ಎಂಜಿನ್ ಆಫ್ ಇಟ್ಟು, ಕಾಯಿಲಿನಿಂದ ಇಸಿಎಂಗೆ ಹೋಗುವ ವೈರ್ ನೋಡಿದೆ. 2-3ರ ವೈರಿನಲ್ಲಿ 12 ವೋಲ್ಟ್ ನಿಂತಿದೆ, 1-4ರದ್ದರಲ್ಲಿ 1 ವೋಲ್ಟ್ ಕೂಡ ಇಲ್ಲ. ಐದು ನಿಮಿಷ ಹಾಗೇ ಬಿಟ್ಟರೆ ಆ ಕಾಯಿಲ್ ಮುಟ್ಟೋಕಾಗದಷ್ಟು ಬಿಸಿ. ಇಸಿಎಂ ಕಪ್ಲರ್ ಕಿತ್ತ ಕೂಡಲೇ ಆ ವೈರಿಗೂ 12 ವೋಲ್ಟ್ ವಾಪಸ್ ಬಂತು. ವೈರಿಂಗ್ ಚೆನ್ನಾಗಿದೆ, ಬಾಕ್ಸ್ ಒಳಗಿನ ಡ್ರೈವರ್ ಶಾರ್ಟ್ ಆಗಿದೆ. ಅರ್ಥಿಂಗ್ ಕೂಡ ನೋಡಿದೆ. ಸೆಲ್ಫ್ ಹೊಡೆಯುವಾಗ ಇಸಿಎಂ ಅರ್ಥಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.1 ವೋಲ್ಟಿಗಿಂತ ಕಡಿಮೆ. ಇಷ್ಟೂ ನೋಡದೆ ಬಾಕ್ಸ್ ಕೊಳ್ಳೋಕೆ ಹೊರಡಬೇಡಿ. ಬಾಕ್ಸ್ ಹೋಗಿದೆ ಅಂತ ನನ್ನ ಹತ್ತಿರ ಬಂದ ಗಾಡಿಗಳಲ್ಲಿ ಅರ್ಧಕ್ಕರ್ಧ ಬರೀ ಬಾಕ್ಸಿಗೆ ಕರೆಂಟ್ ಕೊಡುವ ಮೇನ್ ರಿಲೇ ಅಥವಾ ಅರ್ಥ್ ಬೋಲ್ಟಿನ ಕಥೆ.

ಹೊಸ ಇಸಿಎಂ ಬೆಲೆ ಕೇಳಿದೆ. ಗಾಡಿ ಮಾರಿದರೆ ಬರುವ ದುಡ್ಡಿನಲ್ಲಿ ಮೂರನೇ ಒಂದು ಭಾಗ. ಪ್ರೋಗ್ರಾಮಿಂಗ್ ಕೂಲಿ ಬೇರೆ. ಗುಜರಿಯಲ್ಲಿ ಅದೇ ಬಾಕ್ಸ್ ಹೊಸದರ ಎಂಟನೇ ಒಂದು ಭಾಗಕ್ಕೆ ಸಿಕ್ಕಿತು. ಎರಡು ಬಾಕ್ಸ್ ನೋಡಿ ಬಿಟ್ಟುಬಂದೆ. ಒಂದು ಆಟೋಮ್ಯಾಟಿಕ್ ಗಾಡಿಯದು. ಇನ್ನೊಂದರ ಪಿನ್ನುಗಳ ಮೇಲೆ ಹಸಿರು ಕಿಲುಬು, ನೀರು ಕುಡಿದದ್ದು. ಲೇಬಲ್ಲಿನ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಯಾವ ಗಾಡಿಯಿಂದ ತೆಗೆದದ್ದು ಅಂತ ಕಾಗದ ಕೇಳಿ. ಕದ್ದ ಮಾಲು ಕೈಗೆ ಬಂದರೆ ತಲೆನೋವು ನಮ್ಮದೇ.

ಹಾಕಿ ಸೆಲ್ಫ್ ಹೊಡೆದೆ. ನಾಲ್ಕೂ ಸಿಲಿಂಡರಿನಲ್ಲಿ ಚಂದವಾಗಿ ಸ್ಟಾರ್ಟ್ ಆಯಿತು, ಎರಡು ಸೆಕೆಂಡಿಗೆ ನಿಂತಿತು. ಮತ್ತೆ ಹೊಡೆದೆ, ಮತ್ತೆ ಎರಡೇ ಸೆಕೆಂಡ್. ಡ್ಯಾಶಿನಲ್ಲಿ ಕೀ ಗುರುತಿನ ದೀಪ ಕಣ್ಣು ಮಿಟುಕಿಸುತ್ತಿದೆ. ಇಮ್ಮೊಬಿಲೈಸರ್, ಅಂದರೆ ಗುರುತಿಲ್ಲದ ಕೀಗೆ ಎಂಜಿನ್ ಓಡದಂತೆ ತಡೆಯುವ ಕಾವಲು. ಪಕ್ಕದಲ್ಲಿ ನಿಂತಿದ್ದ ಎಲೆಕ್ಟ್ರಿಷಿಯನ್ ಏನೂ ಹೇಳಲಿಲ್ಲ, ಸುಮ್ನೆ ನಕ್ಕ. ಆ ನಗುವಿಗೇ ನನಗೆ ಹಟ ಬಂದಿದ್ದು.

ಕೀಯ ಗುರುತು ಇರುವುದು ಬೋರ್ಡಿನ ಮೇಲಿನ ಎಂಟು ಕಾಲಿನ ಒಂದು ಪುಟ್ಟ ಚಿಪ್ಪಿನಲ್ಲಿ. ನನ್ನದರಲ್ಲಿ 95080 ಅನ್ನೋ ಮೆಮೊರಿ ಚಿಪ್ಪು. ಬರೀ 1,024 ಬೈಟ್. ನನ್ನ ಹಳೆ ಬಾಕ್ಸಿನ ಆ ಬೈಟುಗಳನ್ನು ಗುಜರಿ ಬಾಕ್ಸಿಗೆ ಇಳಿಸಿದರೆ ಗಾಡಿಗೆ ಬಾಕ್ಸ್ ಬದಲಾದದ್ದೇ ಗೊತ್ತಾಗಲ್ಲ. ಎಲ್ಲ ಗಾಡಿಗೂ ಇದು ನಡೆಯಲ್ಲ. ಕೆಲವದರಲ್ಲಿ ಕೀ ಡೇಟಾ ಪ್ರೊಸೆಸರ್ ಒಳಗೇ ಇರುತ್ತೆ, ಅಲ್ಲಿ ಆಟವೇ ಬೇರೆ.

ಮೊದಲು ಚಿಪ್ಪು ಕೀಳದೆ, ಕ್ಲಿಪ್ ಕಚ್ಚಿಸಿ ಓದಿದೆ. ಮೂರು ಸಲ ಓದಿದರೆ ಮೂರು ಬೇರೆ ಬೇರೆ ಫೈಲ್! ಕ್ಲಿಪ್ಪಿನಿಂದ ಹೋದ ಕರೆಂಟಿಗೆ ಇಡೀ ಬೋರ್ಡ್ ಎಚ್ಚರವಾಗಿ, ಪ್ರೊಸೆಸರ್ ಕೂಡ ಅದೇ ಚಿಪ್ಪಿನ ಜೊತೆ ಮಾತಾಡೋಕೆ ಶುರುಮಾಡುತ್ತೆ. ಇಬ್ಬರು ಒಟ್ಟಿಗೆ ಕೂಗಿದರೆ ಏನು ಕೇಳುತ್ತೆ? ಪ್ರೊಸೆಸರ್ ಬಾಯಿ ಮುಚ್ಚಿಸೋ ಉಪಾಯ ಒಂದಿದೆ. ಒಂದು ಪಿನ್, ಒಂದು ತುಂಡು ವೈರ್, ಅಷ್ಟೇ. ಅದನ್ನು ಕಂಡುಕೊಳ್ಳೋಕೆ ನನಗೆ ಎರಡು ವಾರ ಹಿಡಿದಿದೆ, ಇಲ್ಲಿ ಹೇಳಲ್ಲ. ಡೇಟಾಶೀಟ್ ಓದಿದವರಿಗೆ ಸಿಗುತ್ತೆ.

ಆಗ ಆ ಉಪಾಯ ಗೊತ್ತಿರಲಿಲ್ಲ. ಎರಡೂ ಬಾಕ್ಸಿನ ಚಿಪ್ಪನ್ನೇ ಕಿತ್ತೆ. ಬೋರ್ಡಿನ ಮೇಲಿನ ವಾರ್ನಿಶ್ ಕೆರೆಯದೆ ಹಾಟ್ ಏರ್ ಹಿಡಿದು ಅವಸರ ಮಾಡಿದ್ದಕ್ಕೆ ಒಂದು ಪ್ಯಾಡ್, ಅಂದರೆ ಚಿಪ್ಪಿನ ಕಾಲು ಕೂರುವ ತಾಮ್ರದ ಚೂರು, ಎದ್ದು ಬಂತು. ತಲೆಗೂದಲಿನಷ್ಟು ತೆಳ್ಳನೆ ವೈರ್ ಎಳೆದು ಸರಿಮಾಡಿದೆ. ಎರಡನೆಯದಕ್ಕೆ ವಾರ್ನಿಶ್ ಕೆರೆದು, ಕಾಲುಗಳ ಮೇಲೆ ಸೀಸದ ಸೋಲ್ಡರ್ ಬೆರೆಸಿ, ಆಮೇಲೆ ಬಿಸಿ ಕೊಟ್ಟೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಹಳೆ ಬಾಕ್ಸಿನ ಚಿಪ್ಪನ್ನು ಮೂರು ಸಲ ಓದಿದೆ, ಮೂರೂ ಒಂದೇ. ಅದರ ನಕಲು ಬರೆದು ಗುಜರಿ ಬಾಕ್ಸಿಗೆ ಬೆಸುಗೆ ಹಾಕಿದೆ. ಮೂಲ ಚಿಪ್ಪು ಡಬ್ಬಿಯಲ್ಲಿ ಭದ್ರ.

ಸ್ಟಾರ್ಟ್ ಆಯಿತು. ನಿಲ್ಲಲಿಲ್ಲ. ಕುಣಿದಾಡಿಬಿಟ್ಟೆ. ಅವತ್ತೇ ರೋಡಿಗೆ ತೆಗೆದೆ. ನಲವತ್ತು ನಿಮಿಷ ಆಗಿರಬಹುದು, ಮತ್ತೆ ಅದೇ ನಡುಕ, ಅದೇ ಪಿ0351. ಕೀ ಆನ್ ಮಾಡಿ ಅಳೆದರೆ 1-4ರ ವೈರಿನಲ್ಲಿ ಮತ್ತೆ ವೋಲ್ಟೇಜ್ ಇಲ್ಲ. ಹೊಸದರ ಎಂಟನೇ ಒಂದು ಭಾಗ ಕೊಟ್ಟು ತಂದ ಬಾಕ್ಸ್ ನಲವತ್ತು ನಿಮಿಷಕ್ಕೆ ಬೂದಿ.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಡ್ರೈವರ್ ತಾನಾಗಿ ಸಾಯೋದು ಅಪರೂಪ. ಯಾರೋ ಕೊಲ್ಲುತ್ತಿದ್ದಾರೆ. ಮರುದಿನ ಕಾಯಿಲನ್ನು ಟೇಬಲ್ಲಿಗೆ ತಂದೆ. ಡ್ರೈವರಿನ ಕೆಲಸಕ್ಕೆ ಒಂದು ಬಿಡಿ ಐಜಿಬಿಟಿ (ಟ್ರಾನ್ಸಿಸ್ಟರ್ ಸ್ವಿಚ್), ಆರ್ಡುಯಿನೋ ಅನ್ನೋ ಪುಟ್ಟ ಬೋರ್ಡಿನಿಂದ 3 ಮಿಲಿಸೆಕೆಂಡಿನ ಪಲ್ಸ್, ಕರೆಂಟ್ ಅಳೆಯೋಕೆ 0.1 ಓಮಿನ ರೆಸಿಸ್ಟರ್, ಅದನ್ನು ಗೆರೆಯಾಗಿ ತೋರಿಸುವ ಅಗ್ಗದ ಸ್ಕೋಪ್. ಕಾಯಿಲ್ ತಣ್ಣಗಿರುವಾಗ ಕರೆಂಟ್ ಸೊಗಸಾದ ಇಳಿಜಾರಿನ ಹಾಗೆ ಏರಿ 7 ಆಂಪಿಯರ್ ಹತ್ತಿರ ನಿಲ್ಲುತ್ತಿತ್ತು. ಹೀಟ್ ಗನ್ ಹಿಡಿದೆ. 80 ಡಿಗ್ರಿ ದಾಟುತ್ತಿದ್ದಂತೆ ಗೆರೆ ಶುರುವಿನಲ್ಲೇ ಗೋಡೆಯ ಹಾಗೆ ನೆಟ್ಟಗೆ ಎದ್ದಿತು. ಒಳಗೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿವೆ, ಅದೂ ಬಿಸಿಯಾದಾಗ ಮಾತ್ರ. ತಣ್ಣಗಿರುವ ಕಾಯಿಲಿಗೆ ಮೀಟರ್ ಹಿಡಿದರೆ ಇದು ಈ ಜನ್ಮಕ್ಕೆ ಸಿಗಲ್ಲ. ಮೀಟರಿನ ವೈರುಗಳೇ 0.2 ಓಮ್ ಸೇರಿಸುತ್ತವೆ.

ಕಾಯಿಲ್ ಯಾಕೆ ಹೋಯಿತು? ಹೇಳೋಕೆ ನಾಚಿಕೆ. ಪ್ಲಗ್ ಬಿಚ್ಚಿ ನೋಡಿದರೆ 1.1 ಮಿಲಿಮೀಟರ್ ಇರಬೇಕಾದ ಗ್ಯಾಪ್ 1.6 ಆಗಿದೆ. ಗ್ಯಾಪ್ ಜಾಸ್ತಿಯಾದಷ್ಟೂ ಕಿಡಿ ಹಾರಿಸೋಕೆ ಜಾಸ್ತಿ ವೋಲ್ಟೇಜ್ ಬೇಕು, ಕಾಯಿಲಿನ ಒಳಗಿನ ಇನ್ಸುಲೇಷನ್ ಅದನ್ನು ಎಷ್ಟು ದಿನ ತಡೆಯುತ್ತೆ? ಕಿಡಿ ಹಾರದೆ ಉಳಿದ ಶಕ್ತಿಯೆಲ್ಲ ವಾಪಸ್ ಬಂದು ಡ್ರೈವರ್ ತಲೆಮೇಲೆ ಬೀಳುತ್ತೆ. ನಾಲ್ಕು ಪ್ಲಗ್ಗಿನ ದುಡ್ಡು ಉಳಿಸಲು ಹೋಗಿ ಎರಡು ಇಸಿಎಂ ಕಳೆದವನು ನಾನೇ.

ಮೂರನೇ ಬಾಕ್ಸ್ ತಂದೆ. ಈ ಸಲ ಹೊಸ ಕಾಯಿಲ್, ಹೊಸ ಪ್ಲಗ್, ಹೊಸ ಪ್ಲಗ್ ವೈರ್. ಚಿಪ್ಪಿಗೆ ಬರೆಯುವ ಮುಂಚೆ ಒಂದು ಆಟವಾಡಿದೆ. ಎಲ್ಲ ಬೈಟಿಗೂ ಎಫ್ಎಫ್ ತುಂಬಿದರೆ, ಅಂದರೆ ಚಿಪ್ಪನ್ನು ಪೂರ್ತಿ ಖಾಲಿ ಮಾಡಿದರೆ, ಬಾಕ್ಸ್ ಹೊಸದರಂತಾಗಿ ಕೀಯನ್ನು ತಾನೇ ಕಲಿಯುತ್ತೆ ಅಂತ ಕೇಳಿದ್ದೆ. ಕೆಲವು ಬಾಕ್ಸುಗಳಲ್ಲಿ ಆಗುತ್ತಂತೆ. ನನ್ನದರಲ್ಲಿ ಪಿ0601 (ಬಾಕ್ಸಿನ ಮೆಮೊರಿ ದೋಷ) ಬಂತು, ಗಾಡಿ ಕೆಮ್ಮಲೂ ಇಲ್ಲ. ನನ್ನ ಫೈಲನ್ನೇ ಇಳಿಸಿದೆ. ಅರ್ಧ ಗಂಟೆಯ ಕೆಲಸ. ಪೆಟ್ಟಿಗೆಯ ಸಿಲಿಕಾನ್ ಅಂಟನ್ನು ಮುಚ್ಚಳ ಬಾಗದ ಹಾಗೆ ಬಿಡಿಸೋದನ್ನೂ ಅಷ್ಟರಲ್ಲಿ ಕಲಿತಿದ್ದೆ. ಅದೂ ನನ್ನ ಹತ್ತಿರವೇ ಇರಲಿ.

ಒಟ್ಟು ಖರ್ಚು? ಎರಡು ಬಾಕ್ಸ್, ಕಾಯಿಲ್, ಪ್ಲಗ್ ಎಲ್ಲ ಸೇರಿ ಹೊಸ ಇಸಿಎಂ ಬೆಲೆಯ ಮೂರನೇ ಒಂದು ಭಾಗ. ಮೊದಲೇ ಕಾಯಿಲ್ ಕಾಯಿಸಿ ನೋಡಿದ್ದರೆ ಐದನೇ ಒಂದು ಭಾಗಕ್ಕೆ ಮುಗಿಯುತ್ತಿತ್ತು. ಸತ್ತ ಎರಡರಲ್ಲಿ ಒಂದಕ್ಕೆ 400 ವೋಲ್ಟ್ ಕ್ಲಾಂಪಿನ (ಅದಕ್ಕಿಂತ ಮೇಲೆ ವೋಲ್ಟೇಜ್ ಏರಗೊಡದ) ಐಜಿಬಿಟಿ ಹಾಕಿ ಬದುಕಿಸಿದ್ದೇನೆ. ನಲವತ್ತು ಕಿಲೋಮೀಟರ್ ಓಡಿಸಿ ನೋಡಿದೆ, ಸರಿ ಇದೆ. ಈಗ ಅದು ಸೀಟಿನ ಕೆಳಗೆ ಬಟ್ಟೆ ಸುತ್ತಿಕೊಂಡು ಮಲಗಿದೆ.

ಒಂದೇ ಒಂದು ಬಾಕಿ. ಬಾಕ್ಸ್ ಬದಲಾದ ಮೇಲೆ ಐಡ್ಲಿಂಗ್ ಏರಿಳಿಯುತ್ತಿತ್ತು. ಥ್ರಾಟಲ್ ತೊಳೆದು, ಬ್ಯಾಟರಿ ಕಳಚಿ, ಮತ್ತೆ ಕಲಿಯಲು ಬಿಟ್ಟ ಮೇಲೆ ನೆಟ್ಟಗಾಯಿತು. ಆದರೆ ತಣ್ಣಗಿರುವ ಎಂಜಿನ್ ಈಗಲೂ ಮೊದಲಿಗಿಂತ ಒಂದೆರಡು ನಿಮಿಷ ಜಾಸ್ತಿ ಹೊತ್ತು 1,100 ಆರ್‌ಪಿಎಂನಲ್ಲೇ ನಿಂತಿರುತ್ತೆ. ಯಾಕೋ ಗೊತ್ತಿಲ್ಲ. ಮುಟ್ಟೋಕೆ ಹೋಗಿಲ್ಲ.