ಟಾಟಾ 1613 ಲಾರಿಯ ಬೆಲ್ ಹೌಸಿಂಗ್ ಸೋರಿಕೆ: ಗೇರ್ ಬಾಕ್ಸ್ ಇಳಿಸದೆ ಹಿಡಿದದ್ದು

ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಅಡಿಯಿಂದ ಆಯಿಲ್ ತೊಟ್ಟಿಕ್ಕಿದರೆ ಸಾಕು, ನಮ್ಮ ಕಡೆ ಎಲ್ಲರದೂ ಒಂದೇ ಮಾತು: ಕ್ರ್ಯಾಂಕ್ ಹಿಂತುದಿಯಲ್ಲಿ ಆಯಿಲ್ ತಡೆಯುವ ಸೀಲು ಹೋಗಿದೆ, ಗೇರ್ ಬಾಕ್ಸ್ ಇಳಿಸು. ಕಮಿನ್ಸ್ 6ಬಿಟಿ ಎಂಜಿನ್ನಿನ ಈ ಹಳೇ ಟಾಟಾ 1613 ಲಾರಿ ರಿಪೇರಿಗೆ ನನ್ನ ಕೈಗೆ ಬರುವ ಮೊದಲೇ ಹೊಸ ಸೀಲು ಹಾಕಿಸಿಕೊಂಡಿತ್ತು. ಕೂಲಿ ಸೇರಿ 9-10 ಸಾವಿರ ಹೋಗಿತ್ತು. ಕುಮಟಾದಲ್ಲಿ ಚಿರೇಕಲ್ಲು ಹೇರಿ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ಮತ್ತೆ ಅದೇ ತೊಟ್ಟು. ಎರಡು ಟ್ರಿಪ್ಪಿಗೆ ಹೆಚ್ಚುಕಡಿಮೆ ಒಂದು ಲೀಟರ್ ಆಯಿಲ್ ಸುರಿಯಬೇಕಿತ್ತು. ಸೀಲಿನದ್ದಲ್ಲ, ಮೇಲಿನಿಂದ ಬರುತ್ತಿದೆ ಎಂದಾಗ ಯಾರೂ ಒಪ್ಪಲಿಲ್ಲ.

ನನ್ನ ಅನುಮಾನಕ್ಕೆ ಎರಡು ಕಾರಣ. ಸೋರಿಕೆ ಸಪಾಟು ರಸ್ತೆಯಲ್ಲಿ ಇಲ್ಲ, ಏರು ಹತ್ತುವಾಗ ಮಾತ್ರ. ಮೂತಿ ಮೇಲಾದಾಗ ಹೆಡ್ಡಿನ ಮೇಲಿನ ಆಯಿಲ್ ಹಿಂದಕ್ಕೆ, 6ನೇ ಸಿಲಿಂಡರ್ ಕಡೆಗೆ ಜಾರಿ ನಿಲ್ಲುತ್ತದೆ. ಎರಡನೆಯದು, ಹೌಸಿಂಗಿನ ಮೇಲಂಚಿನಲ್ಲಿ ಮೆತ್ತಿದ್ದ ಕೆಂಪು ಧೂಳು. ಕಲ್ಲಿನ ಲಾರಿಗೆ ಆಯಿಲ್ ಪಸೆಯಾದಲ್ಲೆಲ್ಲ ಧೂಳು ಕೂತು ಹಿಟ್ಟಿನಂತೆ ಗಟ್ಟಿಯಾಗುತ್ತದೆ. ಆದರೆ ಹೊಸ ಆಯಿಲ್ ಇಳಿಯುವ ಗೆರೆಯಲ್ಲಿ ಧೂಳು ನಿಲ್ಲದು, ತೊಳೆದು ಹೋಗುತ್ತದೆ. ಕನ್ನಡಿ ಹಿಡಿದು ಟಾರ್ಚ್ ಬಿಟ್ಟಾಗ ಕೆಂಪು ಮೆತ್ತೆಯ ನಡುವೆ ಬೆರಳಗಲದ ಒಂದು ಹೊಳೆಯುವ ಗೆರೆ, ಮೇಲಿನಿಂದ ಕೆಳಕ್ಕೆ. ಸೀಲು ಸೋರಿದ್ದರೆ ಅದರ ಹಿಂದೆಯೇ ತಿರುಗುವ ಫ್ಲೈವೀಲ್ ಚಕ್ರ ಚಿಮ್ಮಿಸಿ ಹೌಸಿಂಗಿನ ಒಳಸುತ್ತೆಲ್ಲ ಒದ್ದೆ ಇರಬೇಕಿತ್ತು. ಒಳಗೆ ಹೆಚ್ಚೇನೂ ಇರಲಿಲ್ಲ. ಗೇರ್ ಆಯಿಲಿನ ಗಂಧಕದ ವಾಸನೆಯೂ ಇಲ್ಲ, ಅಂದರೆ ಗೇರ್ ಬಾಕ್ಸಿನದೂ ಅಲ್ಲ.

ಮೊದಲು ನೋಡಬೇಕಾದದ್ದು ಎಂಜಿನ್ ಒಳಗಿನ ಹಬೆ ಹೊರಬಿಡುವ ಬ್ರೀದರ್ ಪೈಪು. ಇದರಲ್ಲಿ ಅರ್ಧ ಮಣ್ಣು ಕಟ್ಟಿತ್ತು. ಮಳೆಗಾಲದಲ್ಲಿ ನಿಂತ ಗಾಡಿಯಾದರೆ ಕಣಜ ಗೂಡು ಕಟ್ಟಿರುವುದೂ ಉಂಟು. ಪೈಪು ಕಟ್ಟಿದರೆ ಬ್ಯಾಕ್ ಕಂಪ್ರೆಶನ್ (ಪಿಸ್ಟನ್ ಸಂದಿಯಿಂದ ಕೆಳಗಿಳಿದ ಅನಿಲ) ಹೊರಹೋಗಲು ದಾರಿಯಿಲ್ಲದೆ, ದುರ್ಬಲವಾದ ಪ್ಯಾಕಿಂಗ್ ಎಲ್ಲಿದೆಯೋ ಅಲ್ಲಿಂದ ಆಯಿಲನ್ನು ನೂಕುತ್ತದೆ. ಹೊಸ ಸೀಲೂ ಉಳಿಯುವುದಿಲ್ಲ. ಪೈಪಿನ ಮಣ್ಣು ಬಿಡಿಸಿದ ಮೇಲೆ ಸೋರಿಕೆ ಅರ್ಧಕ್ಕಿಳಿಯಿತು, ಪೂರ್ತಿ ನಿಲ್ಲಲಿಲ್ಲ.

ಆಮೇಲೆ ಡೀಸೆಲ್, ಸೋಪು ನೀರು, ಗಾಳಿ, ಈ ಕ್ರಮದಲ್ಲಿ ತೊಳೆದು ಒಣಗಿಸಿ, ಹೊಸ ಪಸೆ ಎದ್ದು ಕಾಣಲೆಂದು ಟಾಲ್ಕಂ ಪುಡಿ ಉದುರಿಸಿದೆ. ಸುಣ್ಣದ ಪುಡಿ ಬೇಡ, ಕರಾವಳಿಯ ತೇವಕ್ಕೆ ಗಟ್ಟಿ ಹಿಡಿದುಕೊಂಡು ಕೆರೆಯಬೇಕಾಗುತ್ತದೆ. ನೇರಳೆ ಟಾರ್ಚಿನಲ್ಲಿ ಹೊಳೆಯುವ ಬಣ್ಣವನ್ನೂ ಆಯಿಲಿಗೆ ಬೆರೆಸಿ ನೋಡಿದೆ, 700 ರೂಪಾಯಿ ದಂಡ. ಮಸಿಯಾದ ಡೀಸೆಲ್ ಎಂಜಿನ್ ಆಯಿಲಿನಲ್ಲಿ ಅದು ಕಾಣುವುದೇ ಕಷ್ಟ. ಆಯಿಲ್ ಬದಲಿಸಿದ ದಿನವೇ ಹಾಕಿದರೆ ಹೆಚ್ಚು ಪ್ರಯೋಜನ. ಸೋರಿಕೆ ನಿಲ್ಲಿಸುವ ಬಾಟಲಿ ಔಷಧಿಯೂ 400ಕ್ಕೆ ಬಂತು, ಏನೂ ಆಗಲಿಲ್ಲ.

ಗೆದ್ದದ್ದು ಗಾಳಿ ಪರೀಕ್ಷೆ. ಎಂಜಿನ್ ಆರಿಸಿ, ಬ್ರೀದರಿಗೆ ರಬ್ಬರ್ ಬಿರಡೆ ಜಡಿದು, ಆಯಿಲ್ ಅಳೆಯುವ ಗೇಜ್ ಕಡ್ಡಿಯ ಪೈಪಿಗೆ ಹೋಸ್ ಸಿಕ್ಕಿಸಿ ಕ್ಲಿಪ್ ಬಿಗಿದೆ. ಗಾಳಿಯ ಒತ್ತಡ 3 ಪಿಎಸ್‌ಐ, ಹೆಚ್ಚೆಂದರೆ 5. ಪಂಚರ್ ಅಂಗಡಿಯ ಗಾಳಿಯನ್ನು ನೇರವಾಗಿ ಬಿಡಲೇಬಾರದು. ಹಿಂದೊಂದು ಗಾಡಿಗೆ ಹಾಗೆ ಬಿಟ್ಟು ಮುಂದಿನ ಕ್ರ್ಯಾಂಕ್ ಸೀಲಿನ ತುಟಿ ಮಗುಚಿಹೋಯಿತು, ಸೀಲು ಕೂಲಿ ಸೇರಿ 2,500 ನನ್ನ ಕೈಯಿಂದ. ಈಗ ಪೇಂಟ್ ಗನ್ನಿನ ರೆಗ್ಯುಲೇಟರ್ ನಡುವೆ ಹಾಕುತ್ತೇನೆ. ಟರ್ಬೊ ಕಡೆಯಿಂದ ಸಣ್ಣಗೆ ಬುಸ್ಸೆನ್ನುವುದು ಸಹಜ, ಅದರ ಹಿಂದೆ ಬೀಳಬೇಡಿ.

ಗಾಳಿ ಸೋರುವಲ್ಲಿ ಗುಳ್ಳೆ ಏಳಲೆಂದು ಹಚ್ಚುವ ನೊರೆಗೆ ಪಾತ್ರೆ ತೊಳೆಯುವ ಸೋಪಿಗಿಂತ ಅಂಟವಾಳಕಾಯಿ ನೀರು ಒಳ್ಳೆಯದು, ಗುಳ್ಳೆ ತಡೆದು ನಿಲ್ಲುತ್ತದೆ. ಅದಕ್ಕೆ ಇನ್ನೊಂದು ವಸ್ತು ಬೆರೆಸುತ್ತೇನೆ, ಅದು ನನ್ನಲ್ಲೇ ಇರಲಿ. ಬ್ರಶ್ಶಿನಿಂದ ಮೇಲಿನಿಂದ ಕೆಳಕ್ಕೆ ಹಚ್ಚುತ್ತ ಬಂದೆ. ಹೆಡ್ಡಿನ ಮೇಲೆ ವಾಲ್ವ್ ಮುಚ್ಚುವ 6ನೇ ಟ್ಯಾಪೆಟ್ ಕವರಿನ ಹಿಂಬದಿ ಮೂಲೆಯಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದವು, ಅದರ ಬೋಲ್ಟಿನ ತಲೆಯಡಿ ಇನ್ನೊಂದು. ಡೀಸೆಲ್ ಪಂಪಿನ ಹಿಂದಿನ ಸೈಡ್ ಕವರಿನ ಕೆಳಮೂಲೆಯಲ್ಲೂ ನಿಧಾನಕ್ಕೆ ನೊರೆ. ಸೀಲಿನ ಕಡೆ ಸುಮ್ಮನಿತ್ತು.

ಗ್ಯಾಸ್ಕೆಟ್ ಒಣಗಿ ಕಡ್ಡಿಯಂತೆ ಮುರಿಯುತ್ತಿತ್ತು. ಈ ಎಂಜಿನ್ನಿಗೆ ಆರು ಬೇರೆ ಬೇರೆ ಕವರು, ಆರಕ್ಕೂ ಗ್ಯಾಸ್ಕೆಟ್, ಬೋಲ್ಟಿನ ಓ-ರಿಂಗು ಹೊಸತು ಹಾಕಿದೆ. ಸೈಡ್ ಕವರಿನ ಗ್ಯಾಸ್ಕೆಟ್, ಬೋಲ್ಟ್ ವಾಷರ್ ಸೇರಿ ಸಾಮಾನು 1,600ರ ಆಸುಪಾಸು. ಕವರಿನ ಬಿಗಿ 24 ನ್ಯೂಟನ್ ಮೀಟರ್ ಸಾಕು. ಸೋರುತ್ತದೆಂದು ಇನ್ನೂ ಬಿಗಿದರೆ ಗ್ಯಾಸ್ಕೆಟ್ ಹಿಂಡಿ ಹೊರಬರುತ್ತದೆ. ಸಿಲಿಕಾನ್ ಗಮ್ಮು ಬಳಿಯಬೇಡಿ, ಒಳಗೆ ಉದುರಿದ ಚೂರು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ.

ಕ್ರ್ಯಾಂಕ್ ಸೀಲನ್ನೇ ಹಾಕಬೇಕಾಗಿ ಬಂದವರಿಗೆ ಒಂದು ಮಾತು. ಹಳೇ ರೂಢಿಯಂತೆ ತುಟಿಗೆ ಆಯಿಲ್ ಸವರುವುದು 6ಬಿಟಿಗೆ ತಪ್ಪು. ಕ್ರ್ಯಾಂಕೂ ಸೀಲೂ ಪೂರ್ತಿ ಒಣಗಿರಬೇಕು, ಜೊತೆಗೆ ಬರುವ ಪ್ಲಾಸ್ಟಿಕ್ ಗೈಡಿನ ಮೇಲಿಂದಲೇ ಜಾರಿಸಬೇಕು.

ಜೋಡಿಸಿದ ಮೇಲೆ ಮತ್ತೆ 3 ಪಿಎಸ್‌ಐ, ಮತ್ತೆ ನೊರೆ, ಎಲ್ಲೂ ಗುಳ್ಳೆಯಿಲ್ಲ. ತುಂಬಿದ ಲೋಡಿನಲ್ಲಿ ದೇವಿಮನೆ ಎರಡು ಬಾರಿ ಹತ್ತಿಸಿ, ಗಾಡಿಯ ಕೆಳಗೆ ರಟ್ಟು ಹಾಸಿ ರಾತ್ರಿಯಿಡೀ ನಿಲ್ಲಿಸಿದೆವು. ಬೆಳಿಗ್ಗೆ ರಟ್ಟು ಒಣಗಿದ್ದಂತೆಯೇ ಇತ್ತು, ಒಂದು ತೊಟ್ಟೂ ಇಲ್ಲ. ಈಗ ಮೂರು ತಿಂಗಳಾಯಿತು, ಮೇಲಿಂದ ಹಾಕಿದ್ದು ಅರ್ಧ ಲೀಟರ್ ಇರಬಹುದು. ಟರ್ಬೊದಿಂದ ಆಯಿಲ್ ವಾಪಸ್ ಇಳಿಯುವ ಡ್ರೈನ್ ಹೋಸಿನ ಬುಡದಲ್ಲಿ ಸ್ವಲ್ಪ ಪಸೆಯಿದೆ, ಮುಂದಿನ ಆಯಿಲ್ ಬದಲಾವಣೆಗೆ ಆ ಹೋಸು, ಎರಡು ಕ್ಲಿಪ್ಪು.